ಯಾರ ಗೋಜಿಗೂ ಹೋಗದ ಅನಿಲ ಪ್ರೋಟೀನಿನ ಒಳಗುಟ್ಟು ಹೇಳುತ್ತಿದೆ

ಕಿರುಬೆರಳಿಗಿಂತ ಸಪೂರದ ಒಂದು ಗಾಜಿನ ನಳಿಗೆ. ಅಡ್ಡಳತೆ 5 ಮಿಲಿಮೀಟರ್, ಉದ್ದ ಒಂದು ಗೇಣಿನಷ್ಟು. ತಳದಲ್ಲಿ ಅರ್ಧ ಮಿಲಿಲೀಟರ್ ದ್ರಾವಣ. ನೋಡಿದರೆ ಸುಮ್ನೆ ನೀರು ಅನಿಸುತ್ತದೆ. ಆದರೆ ಅದರೊಳಗೆ ಕೋಟಿ ಕೋಟಿ ಪ್ರೋಟೀನ್ ಅಣುಗಳು ತೇಲುತ್ತಿವೆ. ಒಂದೂ ಸುಮ್ಮನೆ ಕೂತಿಲ್ಲ. ಮಡಚಿಕೊಳ್ಳುತ್ತವೆ, ಬಿಚ್ಚಿಕೊಳ್ಳುತ್ತವೆ, ಬಾಯಿ ತೆರೆದು ಇನ್ನೊಂದು ಅಣುವನ್ನು ಹಿಡಿಯುತ್ತವೆ, ಆಮೇಲೆ ಬಿಡುತ್ತವೆ. ನಾವು ಉಸಿರಾಡುವುದು, ಉಂಡದ್ದು ಅರಗುವುದು, ನುಂಗಿದ ಮಾತ್ರೆ ಕೆಲಸ ಮಾಡುವುದು ಎಲ್ಲ ಈ ಹಿಡಿಯುವ-ಬಿಡುವ ಆಟದ ಮೇಲೇ ನಿಂತಿದೆ. ಆ ಆಟವನ್ನು ಅದು ನಡೆಯುವ ಜಾಗದಲ್ಲೇ, ಅಂದರೆ ನೀರಿನಲ್ಲೇ, ನೋಡುವುದು ಹೇಗೆ?

ಎಕ್ಸ್‌ರೇ ಹಾಯಿಸಿ ನೋಡಬೇಕೆಂದರೆ ಪ್ರೋಟೀನನ್ನು ಹರಳುಗಟ್ಟಿಸಬೇಕು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಇಡಬೇಕೆಂದರೆ ಥಟ್ಟನೆ ಹೆಪ್ಪುಗಟ್ಟಿಸಬೇಕು. ದ್ರಾವಣದಲ್ಲಿ ಇದ್ದದ್ದು ಇದ್ದ ಹಾಗೇ ನೋಡಲು ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಎಂಬ ವಿದ್ಯೆ ಇದೆ. ನಳಿಗೆಯನ್ನು ಬಲವಾದ ಕಾಂತದೊಳಗೆ ಇಳಿಸುತ್ತಾರೆ. ರೇಡಿಯೊ ಅಲೆ ತಾಗಿಸುತ್ತಾರೆ. ಪರಮಾಣುಗಳ ನ್ಯೂಕ್ಲಿಯಸ್‌ಗಳು ಅದಕ್ಕೆ ಮರುದನಿ ಕೊಡುತ್ತವೆ. ಆ ದನಿ ಕೇಳಿ ಯಾವ ಪರಮಾಣು ಎಲ್ಲಿದೆ, ಅದರ ಅಕ್ಕಪಕ್ಕ ಯಾರಿದ್ದಾರೆ ಎಂದು ಹೇಳುತ್ತಾರೆ. ಆಸ್ಪತ್ರೆಯಲ್ಲಿ ನಾವು ಕಾಣುವ ಎಂಆರ್‌ಐ ಇದರದೇ ಒಡಹುಟ್ಟು. ದ್ರಾವಣದಲ್ಲಿರುವ ಪ್ರೋಟೀನಿನ ರೂಪವನ್ನು ಎನ್‌ಎಂಆರ್‌ನಿಂದ ಬಿಡಿಸುವ ದಾರಿ ತೋರಿಸಿದ್ದಕ್ಕೆ ಸ್ವಿಟ್ಜರ್‌ಲೆಂಡಿನ ಕುರ್ಟ್ ವೂತ್ರಿಶ್ ಅವರಿಗೆ 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾಲು ಬಂತು.

ಇಷ್ಟು ಒಳ್ಳೆಯ ವಿದ್ಯೆಗೆ ಒಂದು ದೊಡ್ಡ ಕೊರತೆ ಇದೆ. ಆ ಮರುದನಿ ತೀರಾ ಸಣ್ಣದು. ಅದನ್ನು ನೀಗಿಸಲು ಕಳೆದ ಮೂವತ್ತು ವರ್ಷಗಳಿಂದ ಕೆಲವು ಲ್ಯಾಬುಗಳು ಒಂದು ಅನಿಲದ ಬೆನ್ನು ಹತ್ತಿವೆ. ಅದರ ಹೆಸರು ಝೆನಾನ್. ಲೇಸರ್ ಬೆಳಕಿನಿಂದ ಅದರ ದನಿಯನ್ನು ಹತ್ತಾರು ಸಾವಿರ ಪಟ್ಟು ಏರಿಸಿ, ಪ್ರೋಟೀನ್ ಇರುವ ನೀರಿಗೆ ಬಿಟ್ಟು, ಅದು ಏನು ಹೇಳುತ್ತದೆ ಎಂದು ಕೇಳುತ್ತಾರೆ. ಇದನ್ನು ಹೈಪರ್‌ಪೋಲರೈಸ್ಡ್ ಝೆನಾನ್ ಎನ್‌ಎಂಆರ್ ಅನ್ನುತ್ತಾರೆ. ಶ್ವಾಸಕೋಶದ ಚಿತ್ರ ತೆಗೆಯುವ ಕೆಲಸದಲ್ಲಿ ಇದು ಈಗ ಆಸ್ಪತ್ರೆಯ ಬಾಗಿಲು ದಾಟಿದೆ. ಸುದ್ದಿಯಾಗುವುದೂ ಅದೇ. ನನ್ನ ಗಮನ ಇರುವುದು ಮಾತ್ರ ಆ ಪುಟ್ಟ ನಳಿಗೆಯ ಮೇಲೆ. ಜೀವದ ಅಣುಗಳ ಬಗ್ಗೆ ಈ ಅನಿಲದಿಂದ ಕಲಿಯಬಹುದಾದ ಹೊಸ ಸಂಗತಿಗಳು ಸದ್ಯ ಅಲ್ಲೇ ಸಿಗುತ್ತಿವೆ.

ಬೆಂಗಳೂರಿಗೆ ಬಂದ ಅಪರಿಚಿತ

ಝೆನಾನ್‌ಗೂ ಬೆಂಗಳೂರಿಗೂ ಒಂದು ಹಳೆಯ ನಂಟಿದೆ. 1898ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಗಾಳಿಯನ್ನು ದ್ರವ ಮಾಡಿ, ಅದನ್ನು ಹಂತ ಹಂತವಾಗಿ ಆವಿ ಮಾಡಿ, ಒಳಗಿದ್ದ ಅನಿಲಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಿದ್ದರು. ಕ್ರಿಪ್ಟಾನ್ ಸಿಕ್ಕಿತು, ನಿಯಾನ್ ಸಿಕ್ಕಿತು. ಜುಲೈ ತಿಂಗಳಲ್ಲಿ, ಕ್ರಿಪ್ಟಾನ್ ತೆಗೆದ ಮೇಲೆ ಉಳಿದ ಚೂರುಪಾರನ್ನು ಗಾಜಿನ ನಳಿಗೆಯಲ್ಲಿಟ್ಟು ವಿದ್ಯುತ್ ಹರಿಸಿದರು. ಚೆಂದದ ನೀಲಿ ಬೆಳಕು ಹೊಳೆಯಿತು. ಹೊಸ ಅನಿಲಕ್ಕೆ ಗ್ರೀಕ್ ಭಾಷೆಯಲ್ಲಿ ‘ಅಪರಿಚಿತ’ ಎಂಬ ಅರ್ಥದ ಹೆಸರಿಟ್ಟರು.

ಇದಾದ ಎರಡೇ ವರ್ಷಕ್ಕೆ ರಾಮ್ಸೆ ಭಾರತಕ್ಕೆ ಬಂದರು. ಜೆಮ್‌ಶೆಟ್‌ಜಿ ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ ಜಾಗ ಯಾವುದು ಸರಿ ಎಂದು ನೋಡಿ ಹೇಳುವುದು ಅವರ ಕೆಲಸ. ಸುತ್ತಾಡಿ ನೋಡಿ ಬೆಂಗಳೂರನ್ನು ಸೂಚಿಸಿದರು. 1906ರಲ್ಲಿ ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಮಾರಿಸ್ ಟ್ರಾವರ್ಸ್. ನಾವು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಐಐಎಸ್‌ಸಿಗೆ ಅಡಿಪಾಯ ಹಾಕಿದ ಕೈ, ಝೆನಾನನ್ನು ಮೊದಲು ಬೇರ್ಪಡಿಸಿದ ಕೈಯೂ ಹೌದು. ಮಲ್ಲೇಶ್ವರದ ಕಡೆಯಿಂದ ಆ ಕ್ಯಾಂಪಸ್ಸಿನ ಪಕ್ಕ ಹಾದುಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಝೆನಾನ್ ಗಾಳಿಯಲ್ಲಿ ಎಷ್ಟಿದೆ? ಸುಮಾರು 1 ಕೋಟಿ 15 ಲಕ್ಷ ಲೀಟರ್ ಗಾಳಿ ಸೋಸಿದರೆ ಒಂದು ಲೀಟರ್. ಅಷ್ಟು ಅಪರೂಪ. ಶಾಲೆಯಲ್ಲಿ ಇದನ್ನು ಜಡ ಅನಿಲಗಳ ಸಾಲಿನಲ್ಲಿ ಓದಿರುತ್ತೇವೆ. ಯಾರ ಜೊತೆಗೂ ಸುಲಭಕ್ಕೆ ಕೂಡುವುದಿಲ್ಲ. ಜೀವಕೋಶದೊಳಗೆ ಹೋದರೂ ಅಲ್ಲಿನ ಯಾವ ಅಣುವನ್ನೂ ಕೆಡಿಸುವುದಿಲ್ಲ. ಮೈಯಲ್ಲಿ ಇದು ಮೊದಲೇ ಇಲ್ಲದಿರುವುದರಿಂದ, ಕೇಳಿಬಂದ ಝೆನಾನ್ ದನಿ ನಾವೇ ಒಳಗೆ ಬಿಟ್ಟದ್ದು ಎಂದು ಖಾತ್ರಿ.

ಹಾಗಂತ ಇದಕ್ಕೆ ಸುತ್ತಲಿನದು ಏನೂ ತಾಗುವುದಿಲ್ಲ ಎಂದಲ್ಲ. ಝೆನಾನ್ ದೊಡ್ಡ ಪರಮಾಣು. 54 ಎಲೆಕ್ಟ್ರಾನ್‌ಗಳ ಮೋಡ ಅದರ ಸುತ್ತ ಸಡಿಲವಾಗಿ ಹರಡಿದೆ. ಯಾರು ಒತ್ತರಿಸಿದರೂ ಆ ಮೋಡ ಸ್ವಲ್ಪ ತಗ್ಗುತ್ತದೆ, ಮೆತ್ತನೆಯ ದಿಂಬಿನ ಹಾಗೆ. ಕೂಡಲೇ ನ್ಯೂಕ್ಲಿಯಸ್ಸಿನ ದನಿಯ ಶ್ರುತಿ ಬದಲಾಗುತ್ತದೆ. ಈ ಶ್ರುತಿಯ ಏರಿಳಿತವನ್ನು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಖಾಲಿ ಅನಿಲದಲ್ಲಿರುವ ಝೆನಾನ್ ಸೊನ್ನೆ ಅಂತ ಇಟ್ಟುಕೊಂಡರೆ, ನೀರಿನಲ್ಲಿ ಕರಗಿದ್ದು 195ರ ಸುತ್ತಮುತ್ತ ಇರುತ್ತದೆ. ಕೆಂಪು ರಕ್ತಕಣದೊಳಗೆ ಹೊಕ್ಕದ್ದು ಅದಕ್ಕಿಂತ ಸುಮಾರು 20 ಮೇಲೆ. ಪ್ರೋಟೀನಿನ ಹೈಡ್ರೋಜನ್‌ಗಳೆಲ್ಲ ಹತ್ತು ಹದಿನೈದು ಪಿಪಿಎಂನೊಳಗೆ ಒತ್ತೊತ್ತಾಗಿ ಮಾತಾಡುತ್ತವೆ. ಝೆನಾನ್‌ಗೆ ಇನ್ನೂರಕ್ಕೂ ಜಾಸ್ತಿ ಪಿಪಿಎಂನಷ್ಟು ವಿಶಾಲ ಅಂಗಳ ಇದೆ. ತಾನು ಯಾವ ಮನೆಯಲ್ಲಿದ್ದೇನೆ ಎಂದು ಅದು ಬಿಡಿಸಿ ಹೇಳಬಲ್ಲದು.

ಎಂಟು ಹತ್ತು ಮತದ ಅಂತರ

ಇನ್ನು ದನಿ ಯಾಕೆ ಸಣ್ಣದು ಅನ್ನುವ ಮಾತು. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರಕೃತಿಯಲ್ಲಿ ಸಿಗುವ ಝೆನಾನ್‌ನಲ್ಲಿ ಸುಮಾರು ಕಾಲು ಭಾಗ ಝೆನಾನ್-129 ಎಂಬ ಬಗೆಯದು (ಐಸೊಟೋಪ್). ಅದರ ನ್ಯೂಕ್ಲಿಯಸ್ ಒಂದು ಪುಟ್ಟ ಕಾಂತದ ಹಾಗೆ. ದೊಡ್ಡ ಕಾಂತದೊಳಗೆ ಇಟ್ಟಾಗ ಅದಕ್ಕೆ ಎರಡೇ ಆಯ್ಕೆ: ಕಾಂತದ ದಿಕ್ಕಿಗೆ ನಿಲ್ಲುವುದು ಅಥವಾ ಎದುರು ದಿಕ್ಕಿಗೆ ನಿಲ್ಲುವುದು. ಹತ್ತು ಲಕ್ಷ ಮತದಾರರಿರುವ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳಿ. ಇಬ್ಬರೇ ಅಭ್ಯರ್ಥಿಗಳು. ಎನ್‌ಎಂಆರ್ ಯಂತ್ರಕ್ಕೆ ಒಟ್ಟು ಮತ ಕಾಣುವುದಿಲ್ಲ, ಒಂದನ್ನೊಂದು ಕಳೆದ ಮೇಲೆ ಉಳಿಯುವ ಗೆಲುವಿನ ಅಂತರ ಮಾತ್ರ ಕಾಣುತ್ತದೆ. 9.4 ಟೆಸ್ಲಾದ ಕಾಂತದಲ್ಲಿ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ), ಕೋಣೆಯ ಉಷ್ಣತೆಯಲ್ಲಿ, ಝೆನಾನ್-129ರ ಅಂತರ ಹತ್ತು ಲಕ್ಷಕ್ಕೆ ಬರೀ ಒಂಬತ್ತರ ಆಸುಪಾಸು. ಉಳಿದವರೆಲ್ಲ ಒಬ್ಬರನ್ನೊಬ್ಬರು ವಜಾ ಮಾಡಿಕೊಂಡು ಹೋಗಿಬಿಟ್ಟರು. 9.4 ಟೆಸ್ಲಾ ಸಣ್ಣ ಕಾಂತವೇನಲ್ಲ, ಆಸ್ಪತ್ರೆಯ ಎಂಆರ್‌ಐ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಇನ್ನೂ ದೊಡ್ಡ ಕಾಂತ ತಂದರೆ ಅಂತರ ಹದಿನೈದೋ ಇಪ್ಪತ್ತೋ ಆದೀತು, ಕೋಟಿಗಟ್ಟಲೆ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ.

ಹೈಪರ್‌ಪೋಲರೈಸ್ ಮಾಡುವುದು ಎಂದರೆ ಕಾಂತದ ಸಹವಾಸ ಬಿಟ್ಟು ಬೇರೆ ದಾರಿಯಿಂದ ಈ ಅಂತರವನ್ನು ಏರಿಸುವುದು. ಹತ್ತು ಲಕ್ಷದಲ್ಲಿ ಆರು ಲಕ್ಷ ಒಂದು ಕಡೆ, ನಾಲ್ಕು ಲಕ್ಷ ಇನ್ನೊಂದು ಕಡೆ ನಿಂತರೆ ಅಂತರ ಎರಡು ಲಕ್ಷ. ದನಿ ಇಪ್ಪತ್ತು ಸಾವಿರ ಪಟ್ಟಿಗಿಂತ ಜಾಸ್ತಿ ಆಯಿತು. ಇವತ್ತಿನ ಒಳ್ಳೆಯ ಉಪಕರಣಗಳು ಇದಕ್ಕಿಂತಲೂ ಮುಂದೆ ಹೋಗುತ್ತವೆ.

ಆ ದಾರಿ ಬೆಳಕಿನದು. ಗಾಜಿನ ಬುರುಡೆಯೊಂದರಲ್ಲಿ ರುಬಿಡಿಯಂ ಲೋಹದ ಒಂದು ಹನಿ. ಇದು 39 ಡಿಗ್ರಿಗೇ ಕರಗುವ ಲೋಹ, ಜ್ವರ ಬಂದವರ ಅಂಗೈಯಷ್ಟು ಬಿಸಿ ಸಾಕು. ಬುರುಡೆಯನ್ನು ಇನ್ನಷ್ಟು ಕಾಯಿಸಿದರೆ ಲೋಹದ ಆವಿ ಏಳುತ್ತದೆ. ಅದರ ಮೇಲೆ 795 ನ್ಯಾನೋಮೀಟರಿನ ಲೇಸರ್ ಬಿಡುತ್ತಾರೆ. ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕೆಂಪಿನಾಚೆಯ ಬೆಳಕು. ಅದನ್ನು ಸ್ಕ್ರೂ ಮೊಳೆಯ ಎಳೆಯಂತೆ ಒಂದೇ ಕಡೆಗೆ ತಿರುಚಿಕೊಂಡು ಸಾಗುವ ಹಾಗೆ ಮಾಡಿರುತ್ತಾರೆ. ಈ ಬೆಳಕನ್ನು ನುಂಗಿದ ರುಬಿಡಿಯಂನ ಎಲೆಕ್ಟ್ರಾನ್‌ಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ನಿಲ್ಲುತ್ತವೆ. ಈ ಮೊದಲ ಹಂತದ ವಿದ್ಯೆಯನ್ನು ಕಂಡುಹಿಡಿದ ಫ್ರಾನ್ಸಿನ ಆಲ್ಫ್ರೆಡ್ ಕಾಸ್ಟ್ಲರ್ ಅವರಿಗೆ 1966ರ ಭೌತಶಾಸ್ತ್ರದ ನೊಬೆಲ್ ಸಂದಿತು. ಅದೇ ಬುರುಡೆಯೊಳಗೆ ಝೆನಾನ್ ಹರಿಯುತ್ತಿರುತ್ತದೆ. ರುಬಿಡಿಯಂಗೆ ಢಿಕ್ಕಿ ಹೊಡೆದಾಗ ಆ ದಿಕ್ಕು ಝೆನಾನಿನ ನ್ಯೂಕ್ಲಿಯಸ್ಸಿಗೆ ದಾಟುತ್ತದೆ. ಪ್ರತಿ ಢಿಕ್ಕಿಯಲ್ಲೂ ದಾಟುವುದಿಲ್ಲ, ಆದರೆ ಢಿಕ್ಕಿಗಳಿಗೆ ಲೆಕ್ಕವೇ ಇಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ವಿಲಿಯಂ ಹ್ಯಾಪರ್ ಮತ್ತವರ ಜೊತೆಗಾರರು ಇದನ್ನು ವರ್ಷಗಟ್ಟಲೆ ಹದಗೊಳಿಸಿದರು. 1994ರಲ್ಲಿ ಈ ಝೆನಾನ್ ಬಳಸಿ ಇಲಿಯ ಶ್ವಾಸಕೋಶದ ಚಿತ್ರ ತೆಗೆದು ತೋರಿಸಿದಾಗ ಜೀವವಿಜ್ಞಾನದವರು ಇತ್ತ ತಿರುಗಿ ನೋಡಿದರು.

ಬುರುಡೆಯಿಂದ ಹೊರಬಂದ ಅನಿಲವನ್ನು ದ್ರವ ಸಾರಜನಕದಲ್ಲಿ ಅದ್ದಿದ ನಳಿಗೆಗೆ ಹರಿಸುತ್ತಾರೆ. ಅಲ್ಲಿ ಮೈನಸ್ 196 ಡಿಗ್ರಿ. ಝೆನಾನ್ ಮೈನಸ್ 112ಕ್ಕೇ ಗಟ್ಟಿಯಾಗುವುದರಿಂದ ಗಾಜಿನ ಒಳಗೋಡೆಗೆ ಹಿಮದ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲೊಂದು ಕಾಂತ ಇಟ್ಟರೆ ಈ ಹಿಮ ತನ್ನ ಶಕ್ತಿಯನ್ನು, ಅಂದರೆ ಏರಿಸಿದ ಆ ಮತದ ಅಂತರವನ್ನು, ಗಂಟೆಗಟ್ಟಲೆ ಕಾಪಾಡಿಕೊಳ್ಳುತ್ತದೆ. ಬೇಕಾದಾಗ ಕರಗಿಸಿ ಬಳಸಬಹುದು.

ಕರಗಿಸಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ನೀರಿನಲ್ಲಿ ಝೆನಾನ್ ಈ ಶಕ್ತಿಯನ್ನು ಒಂದು ನಿಮಿಷದ ಆಸುಪಾಸು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಕೆಲವೇ ಸೆಕೆಂಡು. ತೂತು ಬಿಂದಿಗೆಯಲ್ಲಿ ನೀರು ಹೊತ್ತ ಹಾಗೆ. ಮೇಲಾಗಿ ಯಂತ್ರ ಒಮ್ಮೆ ದನಿ ಕೇಳಿದಷ್ಟೂ ಒಂದಿಷ್ಟು ಶಕ್ತಿ ಖರ್ಚಾಗುತ್ತದೆ, ತಾನಾಗೇ ಮತ್ತೆ ತುಂಬಿಕೊಳ್ಳುವುದಿಲ್ಲ. ಮಾಮೂಲಿ ಎನ್‌ಎಂಆರ್‌ನಲ್ಲಿ ಒಂದೇ ಪ್ರಯೋಗವನ್ನು ಸಾವಿರ ಸಲ ಮಾಡಿ ಕೂಡಿಸಬಹುದು. ಇಲ್ಲಿ ಆ ಸೌಕರ್ಯ ಇಲ್ಲ. ಕೈಯಲ್ಲಿರುವ ಹಣವನ್ನು ಚೂರು ಚೂರೇ ಖರ್ಚು ಮಾಡುವ ಗೃಹಿಣಿಯ ಹಾಗೆ, ಒಂದೊಂದು ಸಲಕ್ಕೂ ಸ್ವಲ್ಪವೇ ಶಕ್ತಿ ತೆಗೆದು ಬಳಸಬೇಕು.

ಇನ್ನೊಂದು ತೊಂದರೆಯನ್ನು ಲ್ಯಾಬಿನಲ್ಲಿ ಕೆಲಸ ಮಾಡಿದವರೇ ಬಲ್ಲರು. ಝೆನಾನನ್ನು ದ್ರಾವಣಕ್ಕೆ ಬೆರೆಸಲು ಗುಳ್ಳೆ ಗುಳ್ಳೆಯಾಗಿ ಹಾಯಿಸಬೇಕು, ಇಲ್ಲವೇ ನಳಿಗೆಯನ್ನು ಜೋರಾಗಿ ಅಲ್ಲಾಡಿಸಬೇಕು. ಮೊಟ್ಟೆಯ ಬಿಳಿ ಭಾಗವನ್ನು ಚಮಚದಲ್ಲಿ ಕಡೆದಾಗ ಏನಾಗುತ್ತದೆ? ಬಿಳಿ ನೊರೆ ಉಕ್ಕುತ್ತದೆ. ಅದೂ ಪ್ರೋಟೀನ್, ಇದೂ ಪ್ರೋಟೀನ್. ತಿಂಗಳುಗಟ್ಟಲೆ ಕಷ್ಟಪಟ್ಟು ಶುದ್ಧ ಮಾಡಿದ ಪ್ರೋಟೀನ್ ಗುಳ್ಳೆಗೆ ಸಿಕ್ಕಿ ನೊರೆಯಾಗಿ, ರೂಪ ಕೆಟ್ಟು ಹಾಳಾಗುವುದುಂಟು. ಅದಕ್ಕೇ ಕೆಲವು ತಂಡಗಳು ಸಣ್ಣ ಸಣ್ಣ ಪೊಳ್ಳು ನಾರುಗಳ ಗೋಡೆಯ ಮೂಲಕ ಅನಿಲವನ್ನು ಗುಳ್ಳೆಯಿಲ್ಲದೆ ನೀರಿಗೆ ಇಳಿಸುತ್ತವೆ. ಲೇಸರಿನ ಭೌತಶಾಸ್ತ್ರದಷ್ಟೇ ಈ ನೊರೆಯ ಸಮಸ್ಯೆಯೂ ಪ್ರಯೋಗದ ಹಣೆಬರಹ ಬರೆಯುತ್ತದೆ.

ಪ್ರೋಟೀನಿನ ಸಂದುಗಳಲ್ಲಿ

ಝೆನಾನ್ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ ಅನ್ನುವುದು ಹಳೆಯ ಸಂಗತಿ. 1965ರಲ್ಲಿ ಬೆನ್ನೊ ಶೋನ್‌ಬಾರ್ನ್, ವಾಟ್ಸನ್ ಮತ್ತು ಜಾನ್ ಕೆಂಡ್ರ್ಯೂ ತಿಮಿಂಗಿಲದ ಮಯೋಗ್ಲೋಬಿನ್ (ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಪ್ರೋಟೀನ್) ಹರಳಿನಲ್ಲಿ ಎಕ್ಸ್‌ರೇಯಿಂದ ಇದನ್ನು ತೋರಿಸಿದ್ದರು. (ಈ ವಾಟ್ಸನ್ ಡಿಎನ್ಎ ಖ್ಯಾತಿಯವರಲ್ಲ, ಬೇರೆಯವರು.) ಪ್ರೋಟೀನಿನೊಳಗೆ ಎಣ್ಣೆಯ ಗುಣದ, ನೀರಿಗೆ ಒಗ್ಗದ ಪುಟ್ಟ ಸಂದುಗಳಿರುತ್ತವೆ. ಝೆನಾನ್‌ಗೆ ಆ ಜಾಗ ಹಿತ. ಅಂಥ ಸಂದುಗಳಲ್ಲೇ ಪ್ರೋಟೀನಿನ ಕೆಲಸದ ಗುಟ್ಟು ಎಷ್ಟೋ ಸಲ ಅಡಗಿರುತ್ತದೆ.

ಹರಳಿನಲ್ಲಿ ಸಂದು ಎಲ್ಲಿದೆ ಎಂದು ತಿಳಿಯುತ್ತದೆ. ಅದು ಯಾವಾಗ ತೆರೆಯುತ್ತದೆ, ಅತಿಥಿ ಎಷ್ಟು ಹೊತ್ತು ಒಳಗಿರುತ್ತಾನೆ ಎಂದು ತಿಳಿಯಬೇಕಾದರೆ ದ್ರಾವಣಕ್ಕೇ ಬರಬೇಕು. 1996ರಲ್ಲಿ ಅಮೆರಿಕದ ಬರ್ಕ್ಲಿಯ ಅಲೆಕ್ಸಾಂಡರ್ ಪೈನ್ಸ್ ತಂಡ ಒಂದು ಚೆಂದದ ಉಪಾಯ ತೋರಿಸಿತು. ಶಕ್ತಿ ತುಂಬಿದ ಝೆನಾನ್ ತನ್ನ ಪಕ್ಕದಲ್ಲಿರುವ ಹೈಡ್ರೋಜನ್‌ಗಳಿಗೂ ಆ ಶಕ್ತಿಯಲ್ಲಿ ಸ್ವಲ್ಪ ದಾಟಿಸುತ್ತದೆ. ಕತ್ತಲ ಕೋಣೆಯಲ್ಲಿ ದೀಪ ಹಿಡಿದವನ ಅಕ್ಕಪಕ್ಕದ ಮುಖಗಳು ಮಾತ್ರ ಬೆಳಗುತ್ತವಲ್ವಾ, ಹಾಗೆ. ಯಾವ ಹೈಡ್ರೋಜನ್‌ಗಳು ಬೆಳಗಿದವು ಎಂದು ನೋಡಿದರೆ ಝೆನಾನ್ ಎಲ್ಲಿ ಕೂತಿದೆ ಎಂದು ಗೊತ್ತಾಗುತ್ತದೆ. ಫ್ರಾನ್ಸಿನಲ್ಲಿ ಪ್ಯಾಟ್ರಿಕ್ ಬರ್ತೊ ಮತ್ತು ಹರ್ವೆ ಡೆಸ್ವೊ ಅವರ ಬಳಗ 2001ರಲ್ಲಿ ಗೋಧಿಯ ಒಂದು ಪ್ರೋಟೀನಿನಲ್ಲಿ, ಕೊಬ್ಬಿನ ಅಣುಗಳನ್ನು ಹೊತ್ತೊಯ್ಯುವಂಥದ್ದು ಅದು, ಇದೇ ದಾರಿಯಿಂದ ಒಳಗಿನ ಸಂದನ್ನು ಬೆಳಗಿಸಿ ತೋರಿಸಿತು.

ಅದೇ ವರ್ಷ ಬರ್ಕ್ಲಿಯಲ್ಲಿ ಡೇವಿಡ್ ವೆಮ್ಮರ್ ಮತ್ತು ಪೈನ್ಸ್ ತಂಡ ಮಾಲ್ಟೋಸ್ ಸಕ್ಕರೆಯನ್ನು ಹಿಡಿಯುವ ಪ್ರೋಟೀನನ್ನು ತೆಗೆದುಕೊಂಡಿತು. ಸಕ್ಕರೆ ಹಿಡಿದಾಗ ಈ ಪ್ರೋಟೀನ್ ಕಪ್ಪೆಚಿಪ್ಪಿನ ಹಾಗೆ ಮುಚ್ಚಿಕೊಳ್ಳುತ್ತದೆ. ಝೆನಾನಿನ ಶ್ರುತಿ ತೆರೆದಾಗ ಒಂದು, ಮುಚ್ಚಿದಾಗ ಇನ್ನೊಂದು. ಪ್ರೋಟೀನಿಗೆ ಯಾವ ಬಣ್ಣವನ್ನೂ ಅಂಟಿಸಲಿಲ್ಲ, ಯಾವ ಪರಮಾಣುವನ್ನೂ ಬದಲಿಸಲಿಲ್ಲ. ಸುಮ್ನೆ ಪಕ್ಕದಲ್ಲಿ ಓಡಾಡಿದ ಅನಿಲ ವರದಿ ಕೊಟ್ಟಿತು.

ಆದರೆ ಇದರಲ್ಲೊಂದು ಮಿತಿ ಇದೆ. ಹೆಚ್ಚಿನ ಪ್ರೋಟೀನುಗಳಲ್ಲಿ ಝೆನಾನ್ ತುಂಬಾ ಹೊತ್ತು ಕೂರುವುದಿಲ್ಲ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಒಳಗಿನ ದನಿ, ಹೊರಗಿನ ದನಿ ಬೆರೆತು ಒಂದೇ ಆಗಿ ಕೇಳಿಸುತ್ತದೆ. ಆ ಬೆರಕೆಯಲ್ಲಿ ಶ್ರುತಿ ಎಷ್ಟು ಜರುಗಿತು ಎಂದು ಅಳೆದು ಒಳಗಿನ ಸುದ್ದಿ ಊಹಿಸಬೇಕು. ಜರುಗಿದ್ದು ಅತ್ಯಲ್ಪ. ಅದನ್ನು ಅಳೆಯಲು ಪ್ರೋಟೀನ್ ಜಾಸ್ತಿ ಬೇಕು.

ಚಿಪ್ಪಿನ ಪಂಜರ, ಬೆರಳಿನ ಶಾಯಿ

ಝೆನಾನ್ ಸ್ವಲ್ಪ ಹೊತ್ತಾದರೂ ನಿಂತು ಹೋಗುವಂಥ ಒಂದು ಮನೆಯನ್ನು ನಾವೇ ಕಟ್ಟಿಕೊಟ್ಟರೆ? ಈ ಯೋಚನೆಯಿಂದ ವಿಷಯದ ದಿಕ್ಕೇ ಬದಲಾಯಿತು.

ಅಂಥ ಮನೆ ಮೊದಲೇ ಇತ್ತು. ಕ್ರಿಪ್ಟೋಫೇನ್ ಎಂಬ ಅಣುವನ್ನು ಫ್ರಾನ್ಸಿನ ಆಂದ್ರೆ ಕೊಲೆ 1980ರ ದಶಕದ ಆರಂಭದಲ್ಲೇ ಕಟ್ಟಿದ್ದರು. ಎರಡು ತೆಂಗಿನ ಚಿಪ್ಪುಗಳನ್ನು ಮುಖಾಮುಖಿ ಹಿಡಿದು, ಮೂರು ಕಡೆ ಚಿಕ್ಕ ದಾರದಿಂದ ಬಿಗಿದ ಹಾಗಿರುತ್ತದೆ ಅದರ ರೂಪ. ಒಳಗಿನ ಟೊಳ್ಳಿಗೆ ಝೆನಾನ್ ಹೇಳಿಮಾಡಿಸಿದ ಅಳತೆ. ಇಂಥ ಪಂಜರಗಳಲ್ಲಿ ಅತಿಥಿ ಟೊಳ್ಳನ್ನು ಪೂರ್ತಿ ತುಂಬಿದರೆ ಇಕ್ಕಟ್ಟು, ತೀರಾ ಸಣ್ಣದಾದರೆ ಜಾರಿಹೋಗುತ್ತದೆ. ಅರ್ಧಕ್ಕಿಂತ ತುಸು ಜಾಸ್ತಿ ತುಂಬಿದಾಗ ಹದ. ಪಂಜರದೊಳಗಿನ ಝೆನಾನ್ 60-70 ಪಿಪಿಎಂ ಹತ್ತಿರ ಮಾತಾಡುತ್ತದೆ, ನೀರಿನಲ್ಲಿರುವುದರ 195ರಿಂದ ಬಲು ದೂರ. ಎರಡು ದನಿ ಬೆರೆಯುವ ಭಯವೇ ಇಲ್ಲ.

2001ರಲ್ಲಿ ಪೈನ್ಸ್ ತಂಡ ಈ ಪಂಜರಕ್ಕೆ ಒಂದು ಬಾಲ ಜೋಡಿಸಿತು. ಬಾಲದಲ್ಲಿ ನೀರಿಗೆ ಒಗ್ಗುವ ಪೆಪ್ಟೈಡ್ (ಪ್ರೋಟೀನಿನದೇ ಥರದ ಪುಟ್ಟ ಸರಪಳಿ), ತುದಿಯಲ್ಲಿ ಬಯೋಟಿನ್ ಎಂಬ ವಿಟಮಿನ್. ಮೊಟ್ಟೆಯ ಬಿಳಿಯಲ್ಲಿ ಸಿಗುವ ಅವಿಡಿನ್ ಎಂಬ ಪ್ರೋಟೀನಿಗೂ ಬಯೋಟಿನ್‌ಗೂ ಎಲ್ಲಿಲ್ಲದ ಗಂಟು. ಅವಿಡಿನ್ ಹಾಕಿದ ಕೂಡಲೇ ಪಂಜರದೊಳಗಿನ ಝೆನಾನ್ ದನಿ ಸುಮಾರು ಎರಡು ಪಿಪಿಎಂ ಪಕ್ಕಕ್ಕೆ ಸರಿಯಿತು. ಅಂದರೆ ‘ಹುಡುಕುತ್ತಿದ್ದ ಪ್ರೋಟೀನ್ ಸಿಕ್ಕಿತು’ ಎಂಬ ಸುದ್ದಿ ಬಂತು. ಬಯೋಟಿನ್ ಜಾಗದಲ್ಲಿ ಬೇರೆ ಕೊಕ್ಕೆ ಹಾಕಿದರೆ ಬೇರೆ ಪ್ರೋಟೀನ್ ಹುಡುಕಬಹುದು. ಝೆನಾನ್ ಬಯೋಸೆನ್ಸರ್ ಹುಟ್ಟಿದ್ದು ಹೀಗೆ.

ಪಂಜರದೊಳಗಿನ ಝೆನಾನ್ ಎಣಿಕೆ ಸಣ್ಣದು, ದನಿಯೂ ಸಣ್ಣದು. 2006ರಲ್ಲಿ ಲೈಫ್ ಶ್ರೋಡರ್ ಮತ್ತು ಪೈನ್ಸ್ ಬಳಗ ಇದನ್ನೂ ದಾಟಿತು. ಆ ಉಪಾಯದ ಹೆಸರು ಹೈಪರ್-ಸೆಸ್ಟ್. ನಮ್ಮ ಚುನಾವಣೆಯ ಹೋಲಿಕೆಯನ್ನೇ ಮುಂದುವರಿಸೋಣ. ಒಂದು ದೊಡ್ಡ ಬಯಲಿನಲ್ಲಿ ಜನಸಾಗರ, ನಡುವೆ ಒಂದು ಪುಟ್ಟ ಕೋಣೆ. ಕೋಣೆಗೆ ಒಂದು ಸಲಕ್ಕೆ ಒಬ್ಬರಷ್ಟೇ ಹೋಗಬಹುದು. ಹೋಗಿ ಬಂದವರ ಬೆರಳಿಗೆ ನಮ್ಮ ಮೈಸೂರಿನ ಶಾಯಿಯ ಗುರುತು. ಕೋಣೆ ಎಲ್ಲಿದೆ ಎಂದು ದೂರದಿಂದ ಕಾಣುವುದಿಲ್ಲ. ಆದರೆ ಸ್ವಲ್ಪ ಹೊತ್ತು ಬಿಟ್ಟು ಬಯಲಿನ ಜನರ ಬೆರಳು ನೋಡಿದರೆ ಕೋಣೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲಿ ಕೋಣೆ ಎಂದರೆ ಪಂಜರ. ಪಂಜರದ ಶ್ರುತಿಗೇ ಸರಿಯಾಗಿ ರೇಡಿಯೊ ಅಲೆ ಬಿಡುತ್ತಾರೆ. ಒಳಗಿರುವ ಝೆನಾನ್ ತನ್ನ ಶಕ್ತಿ ಕಳೆದುಕೊಂಡು ಹೊರಬರುತ್ತದೆ, ಹೊಸದು ಒಳಗೆ ಹೋಗುತ್ತದೆ, ಅದೂ ಕಳೆದುಕೊಳ್ಳುತ್ತದೆ. ಸೆಕೆಂಡುಗಳು ಉರುಳಿದಂತೆ ನೀರಿನಲ್ಲಿರುವ ಝೆನಾನ್‌ನ ದೊಡ್ಡ ದನಿ ಕುಗ್ಗುತ್ತಾ ಬರುತ್ತದೆ. ಕುಗ್ಗಿದ್ದೇ ಸಾಕ್ಷಿ. ಮೊದಲು ಝೆನಾನ್ ಒಳಗೆ ಹೊರಗೆ ಓಡಾಡುವುದೇ ತೊಂದರೆಯಾಗಿತ್ತು. ಇಲ್ಲಿ ಆ ಓಡಾಟವೇ ಸುದ್ದಿಯನ್ನು ದೊಡ್ಡದು ಮಾಡುತ್ತದೆ. ಈ ಕ್ಷೇತ್ರದಲ್ಲಿ ನನಗೆ ಅತಿ ಇಷ್ಟವಾದ ಯೋಚನೆ ಇದು.

ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಮಾಮೂಲಿ ಪ್ರೋಟೀನ್ ಎನ್‌ಎಂಆರ್‌ಗೆ ಮಿಲಿಮೋಲಾರ್ ಆಸುಪಾಸಿನ ದ್ರಾವಣ ಬೇಕು, ಅಂದರೆ ಲೀಟರಿಗೆ ಒಂದು ಮೋಲಿನ (ಅಣುಗಳನ್ನು ಎಣಿಸುವ ಅಳತೆ ಅದು) ಸಾವಿರದಲ್ಲೊಂದು ಪಾಲು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇವಾನ್ ಡ್ಮೊಕೊವ್ಸ್ಕಿ ತಂಡ ಪಿಕೊಮೋಲಾರ್ ಮಟ್ಟದಲ್ಲಿ ಪಂಜರವನ್ನು ಗುರುತಿಸಿದೆ. ಅಂದರೆ ಲೀಟರಿಗೆ ಮೋಲಿನ ಲಕ್ಷ ಕೋಟಿಯಲ್ಲೊಂದು ಪಾಲು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೈಪರ್-ಸೆಸ್ಟ್ ‘ಇದೆ’ ಎಂದು ಕೂಗುವ ಗಂಟೆ. ಪ್ರೋಟೀನಿನ ಪೂರ್ತಿ ರೂಪ ಬಿಡಿಸಿ ತೋರಿಸುವುದು ಅದರ ಕೆಲಸವಲ್ಲ. ಎರಡನ್ನೂ ಕಲಸಿ ‘ಸಾವಿರ ಪಟ್ಟು ಸೂಕ್ಷ್ಮ ಎನ್‌ಎಂಆರ್’ ಎಂದು ಬರೆಯುವ ವರದಿಗಳು ಓದುಗರಿಗೆ ತಪ್ಪು ಆಸೆ ಹುಟ್ಟಿಸುತ್ತವೆ.

ಕ್ರಿಪ್ಟೋಫೇನ್ ತಯಾರಿಸುವುದು ಕಷ್ಟ. ಹಂತಗಳು ಜಾಸ್ತಿ, ಕೊನೆಗೆ ಕೈಗೆ ಬರುವುದು ಕಡಿಮೆ, ನೀರಿಗೆ ಒಗ್ಗಿಸಲು ಬೇರೆಯೇ ಸಾಹಸ. ಹಾಗಾಗಿ ಅಗ್ಗದ ಮನೆಗಳ ಹುಡುಕಾಟ ನಡೆದಿದೆ. ಕುಕರ್ಬಿಟ್ಯುರಿಲ್ ಎಂಬುದು ಅಂಥದ್ದು. ಕುಂಬಳಕಾಯಿಯ ಆಕಾರ ಇರುವುದರಿಂದ ಅದರ ಲ್ಯಾಟಿನ್ ಹೆಸರೇ ಇದಕ್ಕೂ ಬಂತು. ಅಂಗಡಿಯಲ್ಲೇ ಸಿಗುತ್ತದೆ. ಆದರೆ ರಕ್ತದಲ್ಲಿರುವ ಬೇರೆ ಅಣುಗಳೂ ಈ ಕುಂಬಳಕಾಯಿಯೊಳಗೆ ಜಾಗ ಹಿಡಿಯಲು ಪೈಪೋಟಿ ಮಾಡುತ್ತವೆ.

ಇನ್ನೂ ಚೆಂದದ ಮನೆ ನಮ್ಮ ಕೆರೆಗಳ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ಬಣ್ಣ ಚೆಲ್ಲಿದ ಹಾಗೆ ಹರಡುವ ಹಸಿರು ಪದರ ನೋಡಿರುತ್ತೀರಿ. ಅದರಲ್ಲಿರುವ ಸಯನೋಬ್ಯಾಕ್ಟೀರಿಯಾಗಳಲ್ಲಿ ಹಲವು ತಮ್ಮೊಳಗೆ ಪ್ರೋಟೀನಿನಿಂದಲೇ ಗಾಳಿಬುರುಡೆ ಕಟ್ಟಿಕೊಂಡು ತೇಲುತ್ತವೆ. ಗೋಡೆ ಎರಡು ನ್ಯಾನೋಮೀಟರ್ ದಪ್ಪ. ಅನಿಲ ಸಲೀಸಾಗಿ ಒಳಗೆ ಹೊರಗೆ ಹಾಯುತ್ತದೆ, ನೀರು ಮಾತ್ರ ಒಳಗೆ ಬರುವುದಿಲ್ಲ. 2014ರಲ್ಲಿ ಮಿಖಾಯಿಲ್ ಶಪಿರೊ, ವಿಕ್ರಮ್ ಬಜಾಜ್ ಮತ್ತಿತರರು ಇವನ್ನು ಝೆನಾನ್ ಮನೆಯಾಗಿ ಬಳಸಬಹುದು ಎಂದು ತೋರಿಸಿದರು. ಲ್ಯಾಬಿನಲ್ಲಿ ಪಂಜರ ಹೊಲಿಯುವ ಕೆಲಸವೇ ಇಲ್ಲ, ಜೀನ್ ಕೊಟ್ಟರೆ ಜೀವಕೋಶ ತಾನೇ ಕಟ್ಟಿಕೊಡುತ್ತದೆ.

ದೇಹಕ್ಕೆ ಹೋಗುವ ದಾರಿ

ಶ್ವಾಸಕೋಶದಲ್ಲಿ ಝೆನಾನ್ ಗೆದ್ದಿದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 12 ವರ್ಷ ದಾಟಿದವರ ಶ್ವಾಸಕೋಶದಲ್ಲಿ ಗಾಳಿ ಹೇಗೆ ಹರಡುತ್ತದೆ ಎಂದು ನೋಡಲು ಇದಕ್ಕೆ ಒಪ್ಪಿಗೆ ಕೊಟ್ಟಿತು. ಬ್ರಿಟನ್ನಿನ ಶೆಫೀಲ್ಡ್ ಮತ್ತು ಆಕ್ಸ್‌ಫರ್ಡ್ ತಂಡಗಳು ಕೋವಿಡ್ ಆಗಿ ತಿಂಗಳುಗಳಾದರೂ ಏದುಸಿರು ಬಿಡುತ್ತಿದ್ದವರನ್ನು ನೋಡಿದವು. ಸಿಟಿ ಸ್ಕ್ಯಾನ್ ಸರಿಯಿದ್ದವರಲ್ಲೂ ಝೆನಾನ್ ಶ್ವಾಸಕೋಶದಿಂದ ರಕ್ತಕ್ಕೆ ದಾಟುವುದು ಕಡಿಮೆಯಾಗಿದ್ದದ್ದು ಕಂಡಿತು. ‘ಎಲ್ಲ ನಾರ್ಮಲ್’ ಎಂಬ ವರದಿ ಹಿಡಿದು ಮೆಟ್ಟಿಲು ಹತ್ತಲಾಗದೆ ಕೂತವರಿಗೆ ಇದು ಎಷ್ಟು ದೊಡ್ಡ ಮಾತು!

ಅಲ್ಲಿಂದ ಮುಂದೆ, ಬಯೋಸೆನ್ಸರನ್ನು ದೇಹದೊಳಗೆ ಕಳಿಸಿ ಗಡ್ಡೆಯನ್ನೋ ಸೋಂಕನ್ನೋ ಹುಡುಕುವುದು ಇನ್ನೂ ದೂರದ ದಾರಿ. ಕೆನಡಾದ ಲೇಕ್‌ಹೆಡ್ ವಿಶ್ವವಿದ್ಯಾಲಯದವರು 2017ರಲ್ಲಿ ಜೀವಂತ ಇಲಿಯೊಳಗೆ ಕುಕರ್ಬಿಟ್ಯುರಿಲ್ ದನಿ ಕೇಳಿಸಿದರು. ಅದು ನಿಜವಾದ ಹೆಜ್ಜೆ. ಆದರೆ ಉಸಿರಿನಿಂದ ರಕ್ತಕ್ಕೆ, ರಕ್ತದಿಂದ ಅಂಗಕ್ಕೆ ಹೋಗುವಷ್ಟರಲ್ಲಿ ಝೆನಾನ್ ಹಂಚಿಹೋಗಿರುತ್ತದೆ, ಶಕ್ತಿಯೂ ಸೋರಿರುತ್ತದೆ. ಅನಿಲದ ಬೆಲೆಯ ತಲೆನೋವು ಬೇರೆ. ಝೆನಾನ್ ಸಿಗುವುದು ಹೆಚ್ಚಾಗಿ ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ತಯಾರಿಸುವ ದೊಡ್ಡ ಘಟಕಗಳಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬೆಲೆ ಗಗನಕ್ಕೇರಿತು. ಚಿಪ್ ಕಾರ್ಖಾನೆಗಳಿಗೂ ಇದೇ ಬೇಕು, ಉಪಗ್ರಹಗಳ ವಿದ್ಯುತ್ ಎಂಜಿನ್‌ಗಳಿಗೂ ಇದೇ ಬೇಕು. ಇಸ್ರೋ 2017ರಲ್ಲಿ ಹಾರಿಸಿದ ಜಿಸ್ಯಾಟ್-9ರಲ್ಲೂ ಝೆನಾನ್ ಇತ್ತು. ನಮ್ಮೂರಿನ ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳಂತೂ ಸಾಮಾನ್ಯವಾಗಿ ಹೈಡ್ರೋಜನ್ ದನಿಯನ್ನಷ್ಟೇ ಕೇಳುವ ಹಾಗೆ ಶ್ರುತಿ ಮಾಡಿದವು. ಝೆನಾನ್ ಕೇಳಿಸಬೇಕಾದರೆ ಹೊಸ ಕಾಯಿಲ್, ಹೊಸ ಎಲೆಕ್ಟ್ರಾನಿಕ್ಸ್ ಬೇಕು.

ನಳಿಗೆಯ ಕೆಲಸಕ್ಕೆ ಇಷ್ಟೆಲ್ಲ ಅಡ್ಡಿಯಿಲ್ಲ. ಅರ್ಧ ಮಿಲಿಲೀಟರ್ ದ್ರಾವಣಕ್ಕೆ ಬೇಕಾಗುವ ಝೆನಾನ್ ಅತ್ಯಲ್ಪ. ಬೆಂಗಳೂರಿನಲ್ಲಿ ಐಐಎಸ್‌ಸಿಯ ಎನ್‌ಎಂಆರ್ ಕೇಂದ್ರ ದಶಕಗಳಿಂದ ಇದೆ. ಪ್ರೋಟೀನ್ ಬಲ್ಲವರೂ, ಲೇಸರ್ ಬಲ್ಲವರೂ, ಅಣುಪಂಜರ ಕಟ್ಟಬಲ್ಲ ರಸಾಯನಶಾಸ್ತ್ರಜ್ಞರೂ ಒಂದೇ ಊರಿನಲ್ಲಿದ್ದಾರೆ. ದನಿ ಏರಿಸುವ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. ಈಗ ಉಳಿದಿರುವುದು ಝೆನಾನ್‌ಗೆ ಸರಿಯಾದ ಮನೆ ಕಟ್ಟುವ, ಹುಡುಕುವ ಕೆಲಸ. ಅದಕ್ಕೆ ನೂರಾರು ಕೋಟಿಯ ಯಂತ್ರಕ್ಕಿಂತ ತಾಳ್ಮೆಯ ರಸಾಯನಶಾಸ್ತ್ರ ಬೇಕು.

ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದೇ ಉತ್ತರ ಇದೆ. ಆಂಪಿಸಿಲಿನ್ ಥರದ ಆ್ಯಂಟಿಬಯೋಟಿಕ್‌ಗಳನ್ನು ಮುರಿದುಹಾಕುವ ಒಂದು ಕಿಣ್ವ ಬ್ಯಾಕ್ಟೀರಿಯಾಗಳಲ್ಲಿದೆ. ಟೆಮ್-1 ಬೀಟಾ-ಲ್ಯಾಕ್ಟಮೇಸ್ ಅದರ ಹೆಸರು. 2016ರಲ್ಲಿ ಡ್ಮೊಕೊವ್ಸ್ಕಿ ತಂಡ ಇದಕ್ಕೆ ಯಾವ ಪಂಜರವನ್ನೂ ಅಂಟಿಸದೆ ಹೈಪರ್-ಸೆಸ್ಟ್ ಮಾಡಿ ನೋಡಿತು. ನೀರಿನ ಝೆನಾನ್‌ಗಿಂತ 60 ಪಿಪಿಎಂ ಆಚೆ, 255ರಲ್ಲಿ, ಬೇರೆಯೇ ಒಂದು ದನಿ ಕೇಳಿಸಿತು. ಕಿಣ್ವ ಔಷಧವನ್ನು ಕಚ್ಚುವ ಬಾಯಿ ಒಂದು ಕಡೆ ಇದ್ದರೆ, ಝೆನಾನ್ ಕೂತದ್ದು ಅದರಿಂದಾಚೆಯ ಇನ್ನೊಂದು ಸಂದಿನಲ್ಲಿ. ಅಲ್ಲಿ ಏನಾದರೂ ಅಂಟಿದರೆ ಕಿಣ್ವದ ಬಾಯಿಯ ಕೆಲಸವೂ ಏರುಪೇರಾಗುತ್ತದೆ. ಯಾವ ಅಣು ಆ ಸಂದಿಗೆ ಹೊಕ್ಕರೆ ಝೆನಾನ್ ಹೊರಬೀಳುತ್ತದೆ? ಜ್ವರದ ಮಗುವಿಗೆ ಮೊದಲ ಕೋರ್ಸ್ ಔಷಧ ನಾಟದೆ ಎರಡನೆಯದು, ಮೂರನೆಯದು ಬರೆಸಿಕೊಂಡು ಬರುವುದು ನಮ್ಮಲ್ಲಿ ಎಷ್ಟು ಮನೆಗಳ ಕಥೆ. ಆ ಕಿಣ್ವವನ್ನು ಒಂದು ನಳಿಗೆಗೆ ಹಾಕಿ, ಒಂದೊಂದೇ ಅಣು ಬೆರೆಸುತ್ತಾ, 255ರ ಆ ದನಿ ಯಾವಾಗ ನಿಲ್ಲುತ್ತದೆ ಎಂದು ಕೇಳಬಹುದು.